ಪರದೆ ಕಪ್ಪಾದರೆ ಕಾರ್ಡ್ ಕೆಟ್ಟಿತೆಂದಲ್ಲ: ಗ್ರಾಫಿಕ್ಸ್ ಡ್ರೈವರ್ ಸರಿಪಡಿಸೋಣ, ಹಂತ ಹಂತವಾಗಿ

ವಿಡಿಯೊ ನೋಡುತ್ತಿದ್ದಂತೆ ಪರದೆ ಕಪ್ಪಾಗಿ ಮತ್ತೆ ಬರುತ್ತದೆ. ಗೇಮ್ ಅರ್ಧಕ್ಕೇ ಮುಚ್ಚಿಕೊಳ್ಳುತ್ತದೆ. ಇಲ್ಲವೇ ವಿಂಡೋಸ್ ಅಪ್‌ಡೇಟ್ ಆದ ಮೇಲೆ ಐಕಾನ್‌ಗಳೆಲ್ಲ ದಪ್ಪಗೆ, ಮಸುಕಾಗಿ ಕಾಣತೊಡಗುತ್ತವೆ. ಭಯಪಡಬೇಡಿ. ಇಂಥ ಹೆಚ್ಚಿನ ಸಂದರ್ಭಗಳಲ್ಲಿ ತೊಂದರೆ ಇರುವುದು ಕಾರ್ಡಿನಲ್ಲಲ್ಲ, ಡ್ರೈವರ್‌ನಲ್ಲಿ. ಅಂದರೆ ವಿಂಡೋಸ್ ಹೇಳಿದ್ದನ್ನು ಕಾರ್ಡಿಗೆ ಮುಟ್ಟಿಸುವ ತಂತ್ರಾಂಶದಲ್ಲಿ. ಅದನ್ನು ಮನೆಯಲ್ಲೇ ಸರಿಮಾಡಬಹುದು. ಇಲ್ಲಿರುವುದು ವಿಂಡೋಸ್ 10 ಮತ್ತು 11ಕ್ಕೆ. ಒಂದು ಹಂತ ಮಾಡಿ, ಪರೀಕ್ಷಿಸಿ, ಸರಿಹೋದರೆ ಅಲ್ಲಿಗೇ ನಿಲ್ಲಿಸಿ. ಅವಸರದಲ್ಲಿ ಎರಡು ಮೂರನ್ನು ಒಟ್ಟಿಗೆ ಮಾಡಬೇಡಿ.

1. ಮೊದಲು ಕೇಬಲ್ ನೋಡಿ. ಕಂಪ್ಯೂಟರ್ ಆಫ್ ಮಾಡಿ, ಹಿಂಬದಿ ತಿರುಗಿಸಿ. ಯುಎಸ್‌ಬಿ ಕಿಂಡಿಗಳ ಜೊತೆಗಿರುವ ಎಚ್‌ಡಿಎಂಐ ಮದರ್‌ಬೋರ್ಡಿನದು. ಅದರ ಕೆಳಗೆ ಅಡ್ಡಸಾಲಿನಲ್ಲಿ ಇರುವುದು ಗ್ರಾಫಿಕ್ಸ್ ಕಾರ್ಡಿನದು. ಮಾನಿಟರ್ ಕೇಬಲ್ ಕಾರ್ಡಿಗೇ ಹೋಗಬೇಕು. ದೂಳು ಒರೆಸಿ ಮತ್ತೆ ಜೋಡಿಸುವಾಗ ಹೊಸಬರು ಎಡವುವುದು ಇಲ್ಲೇ.

2. ವಿಂಡೋಸ್ ಕೀ, ಕಂಟ್ರೋಲ್, ಶಿಫ್ಟ್, ಬಿ: ನಾಲ್ಕನ್ನೂ ಒಟ್ಟಿಗೆ ಒತ್ತಿ. ಪರದೆ ಒಮ್ಮೆ ಮಿನುಗುತ್ತದೆ, ಸಾಮಾನ್ಯವಾಗಿ ಬೀಪ್ ಸದ್ದೂ ಕೇಳುತ್ತದೆ. ಡ್ರೈವರ್ ಮತ್ತೆ ಶುರುವಾಯಿತು ಎಂದರ್ಥ. ತೆರೆದಿಟ್ಟ ಕಡತಗಳು ಮುಚ್ಚುವುದಿಲ್ಲ. ಕಾರ್ಡ್ 2 ಸೆಕೆಂಡಿನೊಳಗೆ ಉತ್ತರಿಸದಿದ್ದರೆ ವಿಂಡೋಸ್ ಕೂಡ ತಾನಾಗಿಯೇ ಹೀಗೆ ಡ್ರೈವರ್ ಅನ್ನು ಮರುಹೊಂದಿಸುತ್ತದೆ. ಪರದೆ ಕಪ್ಪಾಗಿ ಮರಳಿ ಬರುವುದು ಬಹುಮಟ್ಟಿಗೆ ಅದೇ.

3. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ, ‘ಡಿವೈಸ್ ಮ್ಯಾನೇಜರ್’ ತೆರೆಯಿರಿ. ‘ಡಿಸ್‌ಪ್ಲೇ ಅಡಾಪ್ಟರ್ಸ್’ ಪಕ್ಕದ ಬಾಣ ಒತ್ತಿ. ಅಲ್ಲಿ ಕಾಣುವ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ‘ಮೈಕ್ರೋಸಾಫ್ಟ್ ಬೇಸಿಕ್ ಡಿಸ್‌ಪ್ಲೇ ಅಡಾಪ್ಟರ್’ ಎಂದಿದ್ದರೆ ಕಾರ್ಡಿಗೆ ತನ್ನದೇ ಡ್ರೈವರ್ ಸಿಕ್ಕಿಲ್ಲ. ಆಗ ಕಾರ್ಡಿನ ಪೆಟ್ಟಿಗೆ ಅಥವಾ ಬಿಲ್ಲಿನಲ್ಲಿ ಹೆಸರು ನೋಡಿ. ಹಳದಿ ತ್ರಿಕೋನ ಕಂಡರೆ ಅದರ ಮೇಲೆ ಡಬಲ್ ಕ್ಲಿಕ್ ಮಾಡಿ, ಅಲ್ಲಿರುವ ಕೋಡ್ ಸಂಖ್ಯೆಯನ್ನೂ ಬರೆದುಕೊಳ್ಳಿ. ಲ್ಯಾಪ್‌ಟಾಪ್‌ನಲ್ಲಿ ಎರಡು ಹೆಸರಿದ್ದರೆ ಗಾಬರಿ ಬೇಡ, ಎರಡು ಚಿಪ್ ಇರುವುದು ಸಹಜ.

4. ತೊಂದರೆ ಅಪ್‌ಡೇಟ್ ಆದ ಮೇಲೆ ಶುರುವಾಯಿತೇ? ಅದೇ ಹೆಸರಿನ ಮೇಲೆ ಡಬಲ್ ಕ್ಲಿಕ್ ಮಾಡಿ, ‘ಡ್ರೈವರ್’ ಟ್ಯಾಬ್‌ಗೆ ಹೋಗಿ ‘ರೋಲ್ ಬ್ಯಾಕ್ ಡ್ರೈವರ್’ ಒತ್ತಿ, ಕಂಪ್ಯೂಟರ್ ರೀಸ್ಟಾರ್ಟ್ ಮಾಡಿ. ಹಳೆಯ ಡ್ರೈವರ್ ಮರಳುತ್ತದೆ. ಬಟನ್ ಬೂದು ಬಣ್ಣದಲ್ಲಿದ್ದರೆ ಹಳೆಯದು ಉಳಿದಿಲ್ಲ, ಮುಂದೆ ಹೋಗಿ.

5. ಸರಿಯಾದ ಡ್ರೈವರ್ ಡೌನ್‌ಲೋಡ್ ಮಾಡಿ, ಆದರೆ ಈಗಲೇ ಇನ್‌ಸ್ಟಾಲ್ ಮಾಡಬೇಡಿ. ಎನ್ವಿಡಿಯಾ, ಎಎಂಡಿ, ಇಂಟೆಲ್: ಕಾರ್ಡ್ ಯಾರದೋ ಅವರ ಜಾಲತಾಣಕ್ಕೇ ಹೋಗಿ, ಚೀಟಿಯಲ್ಲಿ ಬರೆದ ಹೆಸರು ಆರಿಸಿ. ಲ್ಯಾಪ್‌ಟಾಪ್ ಆದರೆ ಮೊದಲು ಲ್ಯಾಪ್‌ಟಾಪ್ ಕಂಪನಿಯ ತಾಣದಲ್ಲಿ ನಿಮ್ಮ ಮಾಡೆಲ್ ಹುಡುಕಿ. ‘ನಿಮ್ಮ ಎಲ್ಲ ಡ್ರೈವರ್ ಅಪ್‌ಡೇಟ್ ಮಾಡುತ್ತೇವೆ’ ಎಂದು ಜಾಹೀರಾತಿನಲ್ಲಿ ಬರುವ ಉಚಿತ ಆ್ಯಪ್‌ಗಳ ಹತ್ತಿರ ದಯವಿಟ್ಟು ಸುಳಿಯಬೇಡಿ. ಬೇಡದ ತಂತ್ರಾಂಶವೂ ಅವುಗಳ ಜೊತೆ ಒಳಗೆ ಬರುತ್ತದೆ. ಇನ್ನೊಂದು ಮಾತು: ಎಲ್ಲ ಕಾರ್ಡಿಗೂ ಎಲ್ಲಕ್ಕಿಂತ ಹೊಸ ಡ್ರೈವರ್ ಹೊಂದುವುದಿಲ್ಲ. ಅಸೆಂಬಲ್ ಮಾಡಿಸಿದ ಹಳೆಯ ಪಿಸಿಗಳಲ್ಲಿ ಸಿಗುವ ಜಿಟಿ 710 ಕಾರ್ಡನ್ನೇ ತೆಗೆದುಕೊಳ್ಳಿ. ಅದು ಕೆಪ್ಲರ್ ಪೀಳಿಗೆಯದು. 2021ರಿಂದಾಚೆ ಆ ಪೀಳಿಗೆಗೆ ಎನ್ವಿಡಿಯಾದ ಹೊಸ ಗೇಮ್ ರೆಡಿ ಡ್ರೈವರ್‌ಗಳಲ್ಲಿ ಜಾಗವಿಲ್ಲ. ತಾಣದಲ್ಲಿ ಕಾರ್ಡಿನ ಹೆಸರು ಆರಿಸಿದರೆ ಅದಕ್ಕೆ ತಕ್ಕದ್ದೇ ಸಿಗುತ್ತದೆ.

6. ಈಗ ಶುಚಿ ಮಾಡುವ ತಯಾರಿ. ಹಳೆಯ ಡ್ರೈವರ್‌ನ ಚೂರುಪಾರು ಉಳಿದಿದ್ದರೆ ಹೊಸದಕ್ಕೂ ಅದೇ ರೋಗ ಅಂಟಿಕೊಳ್ಳಬಹುದು. ಅದನ್ನು ಬೇರುಸಮೇತ ಕೀಳಲು ಡಿಡಿಯು, ಅಂದರೆ ಡಿಸ್‌ಪ್ಲೇ ಡ್ರೈವರ್ ಅನ್‌ಇನ್‌ಸ್ಟಾಲರ್ ಎಂಬ ಉಚಿತ ತಂತ್ರಾಂಶವಿದೆ. ಅದನ್ನು ತಯಾರಕರಾದ ವ್ಯಾಗ್ನಾರ್ಡ್‌ಸಾಫ್ಟ್ ತಾಣದಿಂದಲೇ ಇಳಿಸಿಕೊಂಡು ಡೆಸ್ಕ್‌ಟಾಪ್ ಮೇಲಿಡಿ. ಮುಂದುವರಿಯುವ ಮೊದಲು ಎರಡು ವಿಷಯ ಖಚಿತಪಡಿಸಿಕೊಳ್ಳಿ. ಪಿನ್ ಮಾತ್ರವಲ್ಲ, ಖಾತೆಯ ಪಾಸ್‌ವರ್ಡ್ ಕೂಡ ನೆನಪಿರಬೇಕು, ಎಂಟನೇ ಹಂತದಲ್ಲಿ ಬರುವ ಸೇಫ್ ಮೋಡ್‌ನಲ್ಲಿ ಪಿನ್ ಕೆಲಸ ಮಾಡದೇ ಹೋಗಬಹುದು. ಡಿಸ್ಕಿಗೆ ಬೀಗ ಹಾಕಿಡುವ ಬಿಟ್‌ಲಾಕರ್ ಇದ್ದರೆ ಅದರ 48 ಅಂಕಿಗಳ ರಿಕವರಿ ಕೀ ಕೈಯಲ್ಲಿರಬೇಕು.

7. ಇಂಟರ್ನೆಟ್ ಕೇಬಲ್ ಕಿತ್ತಿಡಿ, ವೈಫೈ ಆಫ್ ಮಾಡಿ. ಹಾಗೆ ಮಾಡದಿದ್ದರೆ ನೀವು ತೆಗೆದ ಡ್ರೈವರ್ ಜಾಗದಲ್ಲಿ ವಿಂಡೋಸ್ ತನಗೆ ತೋಚಿದ್ದನ್ನು ತಂದು ಕೂರಿಸಿಬಿಡುತ್ತದೆ.

8. ಶಿಫ್ಟ್ ಕೀ ಹಿಡಿದುಕೊಂಡೇ ‘ರೀಸ್ಟಾರ್ಟ್’ ಒತ್ತಿ. ನೀಲಿ ಪರದೆಯಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಸ್ಟಾರ್ಟಪ್ ಸೆಟ್ಟಿಂಗ್ಸ್, ರೀಸ್ಟಾರ್ಟ್: ಇದೇ ಕ್ರಮದಲ್ಲಿ ಹೋಗಿ. ಪಟ್ಟಿ ಬಂದಾಗ 4 ಒತ್ತಿ. ಅಕ್ಷರ ದೊಡ್ಡದಾಗಿ, ಹಿನ್ನೆಲೆ ಕಪ್ಪಾಗಿ, ಮೂಲೆಗಳಲ್ಲಿ ‘ಸೇಫ್ ಮೋಡ್’ ಎಂದು ಕಾಣುತ್ತದೆ. ಹಾಳಾಯಿತೆಂದುಕೊಳ್ಳಬೇಡಿ, ಅದು ಇರುವುದೇ ಹಾಗೆ.

9. ಡಿಡಿಯು ತೆರೆಯಿರಿ. ಮೊದಲ ಸಲ ಆಯ್ಕೆಗಳ ಕಿಟಕಿಯೊಂದು ಬಂದರೆ ಏನನ್ನೂ ಬದಲಿಸದೆ ಮುಚ್ಚಿ. ಬಲಗಡೆ ‘ಜಿಪಿಯು’ ಆರಿಸಿ, ಕೆಳಗೆ ನಿಮ್ಮ ಕಾರ್ಡಿನ ಕಂಪನಿ ಆರಿಸಿ, ‘ಕ್ಲೀನ್ ಆ್ಯಂಡ್ ರೀಸ್ಟಾರ್ಟ್’ ಒತ್ತಿ. ಕೆಲಸ ಮುಗಿಸಿ ಕಂಪ್ಯೂಟರ್ ತಾನಾಗಿಯೇ ಮತ್ತೆ ಶುರುವಾಗುತ್ತದೆ.

10. ಐದನೇ ಹಂತದಲ್ಲಿ ಇಳಿಸಿಟ್ಟ ಡ್ರೈವರ್ ಇನ್‌ಸ್ಟಾಲ್ ಮಾಡಿ. ನಡುವೆ ಪರದೆ ಕೆಲವು ಕ್ಷಣ ಕಪ್ಪಾಗಬಹುದು, ರೆಸಲ್ಯೂಷನ್ ಬದಲಾಗಬಹುದು. ಪವರ್ ಬಟನ್ ಮುಟ್ಟಬೇಡಿ, ಕಾಯಿರಿ. ಕರೆಂಟ್ ಹೋಗಿಬರುವ ಊರಾದರೆ ಯುಪಿಎಸ್ ಇದ್ದಾಗಲೇ ಈ ಕೆಲಸಕ್ಕೆ ಕೈಹಾಕಿ. ಮುಗಿದ ಮೇಲೆ ರೀಸ್ಟಾರ್ಟ್ ಮಾಡಿ, ಇಂಟರ್ನೆಟ್ ಜೋಡಿಸಿ.

11. ಇಷ್ಟಾದರೂ ಸರಿಹೋಗಲಿಲ್ಲವೇ? ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಕೀಯನ್ನು ಮತ್ತೆ ಮತ್ತೆ ಒತ್ತುತ್ತ ಬಯೋಸ್ ಪರದೆಗೆ ಹೋಗಿ. ಏನನ್ನೂ ಬದಲಿಸಬೇಡಿ, ನೋಡಿ ಅಷ್ಟೆ. ವಿಂಡೋಸ್ ಇನ್ನೂ ಶುರುವಾಗದ ಆ ಪರದೆಯಲ್ಲೂ ಬಣ್ಣದ ಚುಕ್ಕೆ, ಗೆರೆ, ಚೌಕಗಳು ಕಂಡರೆ ತಪ್ಪು ಡ್ರೈವರ್‌ನದಲ್ಲ. ಕಾರ್ಡ್, ಕೇಬಲ್ ಅಥವಾ ಮಾನಿಟರ್ ಕೆಟ್ಟಿರಬೇಕು. ಬೇರೆ ಕೇಬಲ್, ಬೇರೆ ಮಾನಿಟರ್ ಹಾಕಿ ನೋಡಿ. ಆಗಲೂ ಹಾಗೇ ಇದ್ದರೆ ಆ ಪರದೆಯ ಫೋಟೊ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡು, ಬಿಲ್ ಹುಡುಕಿ, ವಾರಂಟಿ ಇದೆಯೇ ನೋಡಿ, ಅಂಗಡಿಗೆ ಒಯ್ಯಿರಿ. ಡ್ರೈವರ್ ಬದಲಿಸಿ ಆಗಿದೆ, ಬಯೋಸ್‌ನಲ್ಲೂ ಹೀಗೇ ಬರುತ್ತಿದೆ ಎಂದು ಮೊದಲೇ ಹೇಳಿಬಿಡಿ.