ಗಾಲಿಯ ಮೇಲಿನ ಮನೆಯ ಬ್ಯಾಟರಿ

1885ನೆಯ ಇಸವಿಯಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಗಾಡಿ ಕಾರ್ಖಾನೆಯೊಂದರಲ್ಲಿ ವಿಲಕ್ಷಣವಾದ ವಾಹನವೊಂದು ಸಿದ್ಧವಾಯಿತು. ಅದನ್ನು ಮಾಡಿಸಿದವನು ವಿಲಿಯಂ ಗಾರ್ಡನ್ ಸ್ಟೇಬಲ್ಸ್. ಮೊದಲು ನೌಕಾಪಡೆಯಲ್ಲಿ ವೈದ್ಯನಾಗಿದ್ದ ಈತ ಅನಂತರ ಬಾಲಕರಿಗಾಗಿ ಸಾಹಸ ಕಥೆಗಳನ್ನು ಬರೆದು ಹೆಸರಾಗಿದ್ದನು. 'ವಾಂಡರರ್', ಅಂದರೆ ಅಲೆಮಾರಿ, ಎಂಬ ಹೆಸರಿನ ಆ ಗಾಡಿ ಎರಡು ಕುದುರೆಗಳು ಎಳೆಯುವ ಪುಟ್ಟ ಮನೆಯೇ ಆಗಿತ್ತು. ಸ್ಟೇಬಲ್ಸ್ ಅದರಲ್ಲಿಯೇ ವಾಸಮಾಡುತ್ತ ದಕ್ಷಿಣ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ ಪಟ್ಟಣದವರೆಗೆ ಪ್ರಯಾಣ ಮಾಡಿದನು. ಕುದುರೆಗೆ ಮೇವು ಹಾಕಿ, ಗಾಲಿಗೆ ಎಣ್ಣೆ ಬಿಟ್ಟರೆ ಅವನ ಮನೆ ಮುಂದೆ ಸಾಗುತ್ತಿತ್ತು. ವಿದ್ಯುತ್ತಿನ ಗೊಡವೆ ಅವನಿಗೆ ಇರಲಿಲ್ಲ.

ಅಂದಿನ ಗಾಡಿಯ ಸ್ಥಾನದಲ್ಲಿ ಇಂದು ಯೂರೋಪ್ ಮತ್ತು ಅಮೆರಿಕದ ರಸ್ತೆಗಳಲ್ಲಿ ಮೋಟಾರು ಮನೆಗಳು ಓಡಾಡುತ್ತವೆ. ಹಾಸಿಗೆ, ಒಲೆ, ನೀರಿನ ತೊಟ್ಟಿ, ಶೀತಕ ಪೆಟ್ಟಿಗೆ, ಬೆಚ್ಚಗಿಡುವ ಯಂತ್ರ ಇವೆಲ್ಲವೂ ಅಂಥ ಒಂದೇ ವಾಹನದಲ್ಲಿ ಅಡಕವಾಗಿರುತ್ತವೆ. ದೀಪವನ್ನು ಬೆಳಗಿಸುವುದಕ್ಕೂ, ತೊಟ್ಟಿಯಿಂದ ನೀರನ್ನು ಎತ್ತುವುದಕ್ಕೂ ವಿದ್ಯುತ್ತು ಬೇಕು. ಬೆಚ್ಚಗಿಡುವ ಯಂತ್ರವು ಅನಿಲವನ್ನು ಉರಿಸಿ ಶಾಖವನ್ನು ಕೊಡುತ್ತದೆಯಾದರೂ ಆ ಶಾಖವನ್ನು ಒಳಗೆಲ್ಲ ಹರಡುವ ಪಂಖವು ತಿರುಗಬೇಕಾದರೆ ವಿದ್ಯುತ್ತೇ ಗತಿ. ಇನ್ವರ್ನೆಸ್ಸಿನಲ್ಲಿ ಡಿಸೆಂಬರ್ ತಿಂಗಳ ಹಗಲು ಏಳು ಗಂಟೆಗಳಿಗಿಂತಲೂ ಚಿಕ್ಕದು. ಉಳಿದದ್ದೆಲ್ಲ ಕೊರೆಯುವ ಇರುಳು. ಅಂಥ ರಾತ್ರಿಯಲ್ಲಿ, ಊರಿನಿಂದ ದೂರದ ಬೆಟ್ಟದ ತಪ್ಪಲಿನಲ್ಲಿ ಬ್ಯಾಟರಿ ಬರಿದಾಯಿತೆಂದರೆ, ಅನಿಲದ ಉರುಳೆ ತುಂಬಿದ್ದರೂ ಯಂತ್ರ ನಿಲ್ಲುತ್ತದೆ. ಒಳಗೆ ಮಲಗಿರುವ ಮಕ್ಕಳಿಗೂ ವೃದ್ಧರಿಗೂ ಆಗ ಒದಗುವ ತೊಂದರೆ ಸಾಮಾನ್ಯವಾದುದಲ್ಲ.

ಇಷ್ಟೊಂದು ಭಾರವನ್ನು ಹೊರುವ ಬ್ಯಾಟರಿಯ ಮೂಲಪುರುಷನೆಂದರೆ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ. 1859ರಲ್ಲಿ ಈತನು ಸೀಸದ ಎರಡು ತಗಡುಗಳನ್ನು ಒಂದಕ್ಕೊಂದು ತಾಗದಂತೆ ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿಟ್ಟನು. ಹೊರಗಿನಿಂದ ವಿದ್ಯುತ್ತನ್ನು ಹಾಯಿಸಿದಾಗ ಆ ಕೋಶವು ಅದನ್ನು ರಾಸಾಯನಿಕ ರೂಪದಲ್ಲಿ ಕೂಡಿಟ್ಟುಕೊಂಡು, ಬೇಕಾದಾಗ ಮತ್ತೆ ವಿದ್ಯುತ್ತಾಗಿ ಹಿಂದಿರುಗಿಸಿತು. ತಗಡುಗಳಿಗೆ ಸೀಸದ ಆಕ್ಸೈಡಿನ ಸರಿಯನ್ನು ಮೆತ್ತುವ ಕ್ರಮವನ್ನು ಕಮೀಲ್ ಫೋರ್ ಎಂಬಾತನು 1881ರಲ್ಲಿ ತಂದ ಮೇಲೆ ಬ್ಯಾಟರಿಯ ತಯಾರಿಕೆ ಉದ್ಯಮವಾಗಿ ಬೆಳೆಯಿತು. ಕರ್ನಾಟಕದ ಹೊಲಗಳಲ್ಲಿ ಟ್ರ್ಯಾಕ್ಟರನ್ನು ಚಾಲೂ ಮಾಡುವ ಬ್ಯಾಟರಿಯೂ, ಕರೆಂಟು ಹೋದಾಗ ಮನೆಯ ಇನ್ವರ್ಟರಿಗೆ ಬಲ ಕೊಡುವ ಬ್ಯಾಟರಿಯೂ ಬಹುಮಟ್ಟಿಗೆ ಇದೇ ವಂಶದವು.

ಆವೇಶ ತುಂಬಿದ ಕೋಶದಲ್ಲಿ ಧನಫಲಕವು ಸೀಸದ ಡೈಆಕ್ಸೈಡ್ ಆಗಿರುತ್ತದೆ. ಋಣಫಲಕವು ಸ್ಪಂಜಿನಂತೆ ಸರಂಧ್ರವಾದ ಸೀಸ. ಕೋಶವು ವಿದ್ಯುತ್ತನ್ನು ಕೊಡುತ್ತ ಹೋದಂತೆ ಎರಡು ಫಲಕಗಳೂ ಸೀಸದ ಸಲ್ಫೇಟಾಗಿ ಮಾರ್ಪಡುತ್ತವೆ, ಆಮ್ಲವು ತೆಳುವಾಗುತ್ತದೆ. ಚಾರ್ಜು ಮಾಡುವಾಗ ಈ ಕ್ರಿಯೆ ಹಿಂದುಮುಂದಾಗುತ್ತದೆ. ಒಂದು ಕೋಶದ ವಿಭವಾಂತರ ಸುಮಾರು 2 ವೋಲ್ಟ್. ಆರು ಕೋಶಗಳನ್ನು ಸಾಲಾಗಿ ಜೋಡಿಸಿದರೆ 12 ವೋಲ್ಟಿನ ಬ್ಯಾಟರಿ. ಬರಿದಾದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೆಯೇ ಬಿಟ್ಟರೆ ಸಲ್ಫೇಟು ಗಡುಸಾದ ಹರಳುಗಳಾಗಿ ಕೂತುಬಿಡುತ್ತದೆ. ಆಮೇಲೆ ಅದನ್ನು ಪೂರ್ತಿ ಕರಗಿಸುವುದು ಯಾವ ಚಾರ್ಜರಿಗೂ ಸಾಧ್ಯವಾಗದು. ಶೀತದೇಶಗಳಲ್ಲಿ ಇನ್ನೊಂದು ಅಪಾಯವೂ ಉಂಟು. ತುಂಬಿದ ಬ್ಯಾಟರಿಯ ಆಮ್ಲವು ಸೊನ್ನೆಗಿಂತ 50 ಡಿಗ್ರಿ ಸೆಲ್ಸಿಯಸ್ ಕೆಳಗಾದರೂ ಹೆಪ್ಪುಗಟ್ಟುವುದಿಲ್ಲ. ಆದರೆ ಬರಿದಾದುದರ ಆಮ್ಲ ಹೆಚ್ಚುಕಡಿಮೆ ನೀರೇ ಆದ್ದರಿಂದ ಸೊನ್ನೆಗಿಂತ ಸುಮಾರು 10 ಡಿಗ್ರಿ ಕೆಳಗೆ ಮಂಜಾಗಿ ಪೆಟ್ಟಿಗೆಯನ್ನೇ ಸೀಳಬಹುದು.

ಮೋಟಾರು ಮನೆಯಲ್ಲಿ ಸಾಮಾನ್ಯವಾಗಿ ಎರಡು ಬ್ಯಾಟರಿಗಳಿರುತ್ತವೆ. ಒಂದು ಎಂಜಿನ್ನನ್ನು ಚಾಲೂ ಮಾಡುವುದಕ್ಕೆ. ಇನ್ನೊಂದು ಮನೆಯ ಬಳಕೆಗೆ. ಎಂಜಿನ್ ತಿರುಗುವಾಗ ಆಲ್ಟರ್ನೇಟರ್ ಎಂಬ ಉತ್ಪಾದಕ ಯಂತ್ರವು ಮೊದಲು ಎಂಜಿನ್ನಿನ ಬ್ಯಾಟರಿಗೆ ಆವೇಶ ಕೊಡುತ್ತದೆ. ಅಲ್ಲಿಂದ ರಿಲೇ ಎಂಬ ಒಡನಾಡಿಯ ಮೂಲಕ ಅದು ಮನೆಯ ಬ್ಯಾಟರಿಗೂ ತಲಪುತ್ತದೆ. ಎಂಜಿನ್ ನಿಂತೊಡನೆ ರಿಲೇ ಎರಡನ್ನೂ ಬೇರ್ಪಡಿಸುವುದರಿಂದ ರಾತ್ರಿಯೆಲ್ಲ ದೀಪ ಉರಿದರೂ ಬೆಳಿಗ್ಗೆ ವಾಹನ ಹೊರಡುವುದಕ್ಕೆ ಅಡ್ಡಿಯಿಲ್ಲ. ಇದಲ್ಲದೆ, ತಂಗುದಾಣದ ವಿದ್ಯುತ್ ಮಾರ್ಗದಿಂದಲೂ, ಚಾವಣಿಯ ಮೇಲಿನ ಸೌರಫಲಕದಿಂದಲೂ ಚಾರ್ಜು ಪಡೆಯುವ ಏರ್ಪಾಡು ಇರುತ್ತದೆ. ಸ್ಕಾಟ್ಲೆಂಡಿನ ಚಳಿಗಾಲದ ಸೂರ್ಯನಿಂದ ಸೌರಫಲಕಕ್ಕೆ ದೊರೆಯುವುದು ಅತ್ಯಲ್ಪ. ಆ ಮಾತನ್ನು ಇಲ್ಲಿಗೇ ಬಿಡಬಹುದು.

ಮನೆಯ ದೀಪ ಮಂಕಾದೊಡನೆ ಬಹುಮಂದಿ ಬ್ಯಾಟರಿಯನ್ನೇ ದೂರುತ್ತಾರೆ. ಹಣ ತೆತ್ತು ಹೊಸದನ್ನು ತರುತ್ತಾರೆ. ಎರಡು ವಾರ ಕಳೆಯುವುದರೊಳಗೆ ಹೊಸದೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ. ಬ್ಯಾಟರಿಗೆ ಆವೇಶವು ಬಂದು ಸೇರುವ ಮಾರ್ಗದಲ್ಲಿ ದೋಷವಿದ್ದರೆ ಬ್ಯಾಟರಿಯನ್ನು ಬದಲಿಸಿ ಏನು ಪ್ರಯೋಜನ? ಆದುದರಿಂದ ಕೈಗೆ ಮೊದಲು ಬರಬೇಕಾದುದು ಸ್ಪ್ಯಾನರಲ್ಲ, ವೋಲ್ಟ್‌ಮಾಪಕ.

ಚಳಿಗಾಲದ ಪ್ರವಾಸದಲ್ಲಿರುವ ಒಂದು ಕುಟುಂಬದ ವಾಹನದಲ್ಲಿ ಇಂಥ ತೊಂದರೆ ಕಾಣಿಸಿತೆಂದಿಟ್ಟುಕೊಂಡರೆ ಪರೀಕ್ಷೆ ಹೀಗೆ ಸಾಗುತ್ತದೆ. ಮೊದಲು ಚಾರ್ಜನ್ನೂ ಬಳಕೆಯನ್ನೂ ನಿಲ್ಲಿಸಿ ಬ್ಯಾಟರಿಗೆ ಕೆಲವು ಗಂಟೆಗಳ ವಿರಾಮ ಕೊಡಬೇಕು. ಚಾರ್ಜು ನಿಂತ ಮರುಗಳಿಗೆಯಲ್ಲಿ ಮಾಪಕವು ತೋರಿಸುವ ಅಂಕಿ ನಂಬಲರ್ಹವಾದುದಲ್ಲ. ಅದು ಫಲಕಗಳ ಮೇಲ್ಮೈಯ ಆವೇಶವಷ್ಟೆ. ವಿರಾಮದ ಬಳಿಕ 12.7 ವೋಲ್ಟ್ ಇದ್ದರೆ ಬ್ಯಾಟರಿ ತುಂಬಿದೆಯೆಂದೂ, 12.2ರ ಸಮೀಪವಿದ್ದರೆ ಅರ್ಧ ಉಳಿದಿದೆಯೆಂದೂ, 12ಕ್ಕಿಂತ ಕೆಳಗಿಳಿದಿದ್ದರೆ ಬರಿದಾಗುವ ಹಂತದಲ್ಲಿದೆಯೆಂದೂ ಸ್ಥೂಲವಾಗಿ ತಿಳಿಯಬಹುದು. ಈ ವಾಹನದಲ್ಲಿ ಅದು 12.0 ಇತ್ತು.

ಅನಂತರ ಎಂಜಿನ್ನನ್ನು ಚಾಲೂ ಮಾಡಿ ಎಂಜಿನ್ನಿನ ಬ್ಯಾಟರಿಯ ಎರಡು ತುದಿಗಳ ನಡುವೆ ಅಳೆದಾಗ 14.3 ವೋಲ್ಟ್ ದೊರೆಯಿತು. ಅಲ್ಲಿಗೆ ಆಲ್ಟರ್ನೇಟರ್ ನಿರ್ದೋಷಿ. ಆ ಅಂಕಿ 12.5ರಲ್ಲಿಯೇ ನಿಂತಿದ್ದರೆ ಸಡಿಲವಾದ ಬೆಲ್ಟನ್ನೋ ಕೆಟ್ಟ ನಿಯಂತ್ರಕವನ್ನೋ ಹುಡುಕಬೇಕಾಗುತ್ತಿತ್ತು. ಇತ್ತೀಚಿನ ಹಲವು ವಾಹನಗಳಲ್ಲಿ ಇಂಧನ ಉಳಿಸುವುದಕ್ಕಾಗಿ ಆಲ್ಟರ್ನೇಟರು ತನ್ನ ವೋಲ್ಟನ್ನು ತಾನೇ ತಗ್ಗಿಸಿಕೊಳ್ಳುವುದುಂಟು. ಅಂಥಲ್ಲಿ ಕಡಿಮೆ ಅಂಕಿಯನ್ನು ಕಂಡು ದೋಷವೆಂದು ಅವಸರದ ತೀರ್ಮಾನಕ್ಕೆ ಬರಬಾರದು.

ಎಂಜಿನ್ ತಿರುಗುತ್ತಿರುವಾಗಲೇ ಮನೆಯ ಬ್ಯಾಟರಿಯ ತುದಿಗಳಲ್ಲಿ ಅಳೆದರೆ 12.9 ವೋಲ್ಟ್ ಮಾತ್ರ ಕಂಡಿತು. ಹೊರಟದ್ದು 14.3, ಮುಟ್ಟಿದ್ದು 12.9, ನಡುವೆ 1.4 ವೋಲ್ಟ್ ಎಲ್ಲಿಯೋ ಸೋರಿಹೋಗಿದೆ. ಫ್ಯೂಸ್ ಸುಟ್ಟಿದ್ದರೆ ಅಥವಾ ರಿಲೇ ಕೂಡದಿದ್ದರೆ ಚಾರ್ಜು ಸ್ವಲ್ಪವೂ ಬರುತ್ತಿರಲಿಲ್ಲ, ಮನೆಯ ಬ್ಯಾಟರಿಯ ಅಂಕಿ ಅಲುಗದೆ ನಿಂತಿರುತ್ತಿತ್ತು. ಇಲ್ಲಿ ಮಾರ್ಗ ತೆರೆದಿದೆ, ಆದರೆ ಇಕ್ಕಟ್ಟಾಗಿದೆ.

ಇಕ್ಕಟ್ಟಿನ ಲೆಕ್ಕವನ್ನು ಜರ್ಮನಿಯ ಗೇಯಾರ್ಗ್ ಓಮ್ 1827ರಲ್ಲಿಯೇ ಪ್ರಕಟಿಸಿದ್ದನು. ಪ್ರವಾಹವನ್ನು ರೋಧದಿಂದ ಗುಣಿಸಿದರೆ ಆ ಭಾಗದಲ್ಲಿ ವೆಚ್ಚವಾಗುವ ವೋಲ್ಟ್ ದೊರೆಯುತ್ತದೆ. 6 ಚದರ ಮಿಲಿಮೀಟರ್ ಅಡ್ಡಕೊಯ್ತವಿರುವ ತಾಮ್ರದ ತಂತಿ ಹೋಗಿಬರುವ ದಾರಿ ಸೇರಿ 12 ಮೀಟರ್ ಉದ್ದವಿದ್ದರೆ ಅದರ ರೋಧ ಸುಮಾರು 0.034 ಓಮ್. ನೋಡುವುದಕ್ಕೆ ಏನೂ ಅಲ್ಲದ ಅಂಕಿ. ಆದರೆ ಅದರಲ್ಲಿ 30 ಆಂಪಿಯರ್ ಹರಿದಾಗ 1 ವೋಲ್ಟ್ ದಾರಿಯಲ್ಲಿಯೇ ಶಾಖವಾಗಿ ಕಳೆದುಹೋಗುತ್ತದೆ. 16 ಚದರ ಮಿಲಿಮೀಟರಿನ ದಪ್ಪ ತಂತಿಯನ್ನು ಹಾಕಿದರೆ ನಷ್ಟ 0.4 ವೋಲ್ಟಿಗೆ ಇಳಿಯುತ್ತದೆ. ಮನೆಯ ದೀಪದ 230 ವೋಲ್ಟಿನಲ್ಲಿ ಒಂದು ವೋಲ್ಟ್ ಹೋದರೆ ಯಾರಿಗೂ ತಿಳಿಯದು. 14 ವೋಲ್ಟಿನಲ್ಲಿ ಹೋದರೆ ಬ್ಯಾಟರಿ ಅರೆಹೊಟ್ಟೆಯಲ್ಲಿ ಉಳಿಯುತ್ತದೆ.

ಈ ನಷ್ಟವನ್ನು ಪತ್ತೆಹಚ್ಚುವಲ್ಲಿ ಒಂದು ಸೂಕ್ಷ್ಮವಿದೆ. ನಲ್ಲಿಗೆ ಸಿಕ್ಕಿಸಿದ ಕೊಳವೆಯೊಳಗೆ ಕಸ ಕಟ್ಟಿಕೊಂಡಿದ್ದರೂ, ಕೊಳವೆಯ ಬಾಯನ್ನು ಬೆರಳಿನಿಂದ ಮುಚ್ಚಿದಾಗ ನೀರಿನ ಒತ್ತಡ ಪೂರ್ಣವಾಗಿಯೇ ತೋರುತ್ತದೆ. ಬೆರಳು ತೆಗೆದರೆ ಸಣ್ಣ ಧಾರೆ. ವಿದ್ಯುತ್ತಿನ ಹಾದಿಯೂ ಹೀಗೆಯೇ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದಿರುವ ತಂತಿಯಲ್ಲಿಯೂ ಪ್ರವಾಹವಿಲ್ಲದಾಗ ಮಾಪಕವು ಪೂರ್ಣ ವೋಲ್ಟನ್ನೇ ತೋರಿಸಿ ನೋಡುವವನನ್ನು ವಂಚಿಸುತ್ತದೆ. ಆದಕಾರಣ ಪ್ರವಾಹ ಹರಿಯುತ್ತಿರುವಾಗಲೇ, ತಂತಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಮಾಪಕವನ್ನು ಹಚ್ಚಿ ಅಳೆಯಬೇಕು. ಒಳ್ಳೆಯ ತಂತಿಯಲ್ಲಿ ಅಂಕಿ ಸೊನ್ನೆಯ ಸಮೀಪವಿರುತ್ತದೆ. ಎಲ್ಲಿ ಹೆಚ್ಚೋ ಅಲ್ಲಿಯೇ ಕಳ್ಳ.

ಆ ವಾಹನದಲ್ಲಿ ಎರಡು ಬ್ಯಾಟರಿಗಳ ಧನಾಗ್ರಗಳ ನಡುವೆ ಅಳೆದಾಗ 0.2 ವೋಲ್ಟ್ ಬಂದಿತು. ಋಣಾಗ್ರಗಳ ನಡುವೆ 1.2 ವೋಲ್ಟ್. ಎರಡೂ ಕೂಡಿದರೆ 1.4; ಲೆಕ್ಕ ಸರಿಹೋಯಿತು. ವಾಹನಗಳಲ್ಲಿ ಪ್ರವಾಹವು ಹಿಂದಿರುಗುವುದು ಕಬ್ಬಿಣದ ಚೌಕಟ್ಟಿನ ಮೂಲಕ. ಬ್ಯಾಟರಿಯ ಋಣಾಗ್ರದ ತಂತಿಯನ್ನು ಬೋಲ್ಟಿನಿಂದ ಚೌಕಟ್ಟಿಗೆ ಬಿಗಿದಿರುತ್ತಾರೆ. ಚಳಿಗಾಲದಲ್ಲಿ ಹಿಮ ಕರಗಲೆಂದು ಸ್ಕಾಟ್ಲೆಂಡಿನ ರಸ್ತೆಗಳಿಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಗಾಲಿಯಿಂದ ಸಿಡಿದು ತಳದ ಬೋಲ್ಟಿಗೆ ತುಕ್ಕು ಹಿಡಿಸಿತ್ತು. ಹೊರಗಿನಿಂದ ನೋಡಿದರೆ ಬೋಲ್ಟು ಬಿಗಿಯಾಗಿಯೇ ಇತ್ತು. ಎಂಜಿನ್ನನ್ನು ನಿಲ್ಲಿಸಿ, ಬ್ಯಾಟರಿಗಳ ಋಣಾಗ್ರದ ತಂತಿಗಳನ್ನು ಕಳಚಿ, ಬೋಲ್ಟನ್ನು ಬಿಚ್ಚಿ, ತಂತಿಯ ಬ್ರಶ್ಶಿನಿಂದ ಲೋಹ ಹೊಳೆಯುವವರೆಗೆ ಉಜ್ಜಿ, ಮತ್ತೆ ಬಿಗಿದು, ಮೇಲೆ ಗ್ರೀಸು ಸವರಿದ್ದಾಯಿತು. ಮರುಪರೀಕ್ಷೆಯಲ್ಲಿ ಋಣಮಾರ್ಗದ ನಷ್ಟ 0.1 ವೋಲ್ಟಿಗೆ ಇಳಿದು, ಧನಮಾರ್ಗದ ನಷ್ಟ 0.3ಕ್ಕೆ ಏರಿತು. ಏರಿದ್ದೇಕೆಂದು ಬೆರಗಾಗಬೇಕಾಗಿಲ್ಲ: ಅಡ್ಡಿ ನೀಗಿದ್ದರಿಂದ ಈಗ ಹೆಚ್ಚು ಪ್ರವಾಹ ಹರಿಯುತ್ತಿದೆ. ಮನೆಯ ಬ್ಯಾಟರಿಗೆ 13.9 ವೋಲ್ಟ್ ಮುಟ್ಟಿತು.

ವೋಲ್ಟ್ ಸರಿಯಾಗಿ ಮುಟ್ಟಿಯೂ ಬ್ಯಾಟರಿ ಬೇಗನೆ ತುಂಬಿ ಬೇಗನೆ ಬರಿದಾಗುತ್ತಿದ್ದರೆ ಮಾತ್ರ ಬ್ಯಾಟರಿಯನ್ನೇ ಸಂಶಯಿಸಬೇಕು. ಮುಚ್ಚಳ ತೆಗೆಯಬಹುದಾದ ಬ್ಯಾಟರಿಯಲ್ಲಿ ಹೈಡ್ರೋಮೀಟರಿನಿಂದ ಆಮ್ಲದ ಸಾಂದ್ರತೆಯನ್ನು ನೋಡಬಹುದು. ತುಂಬಿದ ಕೋಶದಲ್ಲಿ ಅದು 1.26ರಿಂದ 1.28. ಐದು ಕೋಶಗಳಲ್ಲಿ ಹೀಗಿದ್ದು ಒಂದರಲ್ಲಿ ಮಾತ್ರ 1.15 ಇದ್ದರೆ ಆ ಒಂದು ಕೋಶ ಉಳಿದ ಐದನ್ನೂ ಕೆಡಿಸುತ್ತದೆ.

ಕೆಲವೊಮ್ಮೆ ಯಾವ ದೋಷವೂ ಇರುವುದಿಲ್ಲ, ಆಯವ್ಯಯವೇ ತಾಳೆಯಾಗುವುದಿಲ್ಲ. 100 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಲ್ಲಿ ಬಾಳಿಕೆಯ ದೃಷ್ಟಿಯಿಂದ ಅರ್ಧವನ್ನು ಮಾತ್ರ ಬಳಸುವುದು ಲೇಸು. ಪಂಖವು ಇರುಳಿನ 15 ಗಂಟೆಗಳ ಕಾಲ 2 ಆಂಪಿಯರಿನಂತೆ ತಿಂದರೆ 30, ದೀಪ ಮತ್ತು ಪಂಪಿಗೆ 10, ಒಟ್ಟು 40. ಮರುದಿನ ಒಂದು ಗಂಟೆ ವಾಹನ ಓಡಿಸಿ 20 ಆಂಪಿಯರಿನಂತೆ ತುಂಬಿದರೆ ಬರುವುದು 20. ಎರಡನೆಯ ರಾತ್ರಿ ಮುಗಿಯುವ ಮೊದಲೇ ಗಡಿ ದಾಟಿರುತ್ತದೆ. ಅಲ್ಲದೆ, ಸೀಸದ ಬ್ಯಾಟರಿ ಐದನೆಯ ನಾಲ್ಕು ಪಾಲು ಬೇಗ ತುಂಬಿಕೊಂಡು, ಕೊನೆಯ ಪಾಲಿಗೆ ಹಲವು ಗಂಟೆ ತೆಗೆದುಕೊಳ್ಳುವ ಸ್ವಭಾವದ್ದು. ಹಾಸಿಗೆ ಇದ್ದಷ್ಟು ಕಾಲು ಚಾಚುವ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಇಲ್ಲವಾದರೆ ತಂಗುದಾಣದ ವಿದ್ಯುತ್ತಿಗೆ ಒಂದು ರಾತ್ರಿ ಜೋಡಿಸಬೇಕು.

ಕೆಲಸ ಮಾಡುವವನ ಎಚ್ಚರದ ಬಗೆಗೂ ಹೇಳಬೇಕಾದುದಿದೆ. ಚಾರ್ಜಿನ ಕೊನೆಯಲ್ಲಿ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲು ಸೇರಿದರೆ ಒಂದು ಕಿಡಿಗೆ ಸಿಡಿಯುತ್ತದೆ. ಆದ್ದರಿಂದ ಬ್ಯಾಟರಿಯ ಪೆಟ್ಟಿಗೆಗೆ ಹೊರಗಾಳಿಯ ಕಿಂಡಿ ಅವಶ್ಯ. ಬೀಡಿ, ಬೆಂಕಿಕಡ್ಡಿ ಹತ್ತಿರ ಸುಳಿಯಬಾರದು. ಕಳಚುವಾಗ ಋಣಾಗ್ರದ ತಂತಿಯನ್ನು ಮೊದಲು ಬಿಚ್ಚಬೇಕು. ಧನಾಗ್ರವನ್ನು ಮೊದಲು ಬಿಚ್ಚಹೋಗಿ ಸ್ಪ್ಯಾನರು ಚೌಕಟ್ಟಿಗೆ ತಗುಲಿದರೆ ನೂರಾರು ಆಂಪಿಯರ್ ಅದರ ಮೂಲಕ ನುಗ್ಗಿ ಬೆಂಕಿಯ ಕಿಡಿ ಹಾರುತ್ತದೆ. ಕೈಯಲ್ಲಿ ಉಂಗುರ, ಲೋಹದ ಬಳೆ ಇರಕೂಡದು. ಆಮ್ಲ ತಗುಲಿದ ಚರ್ಮವನ್ನು ತಡಮಾಡದೆ ಧಾರಾಳವಾದ ನೀರಿನಿಂದ ತೊಳೆಯಬೇಕು. ತಂಗುದಾಣದ 230 ವೋಲ್ಟಿಗೆ ಸೇರಿದ ಚಾರ್ಜರಿನ ಒಳಭಾಗವಂತೂ ತಜ್ಞರಿಗೇ ಮೀಸಲು.

ಈಚಿನ ಮೋಟಾರು ಮನೆಗಳಲ್ಲಿ ಸೀಸದ ಬದಲು ಲಿಥಿಯಂ ಬ್ಯಾಟರಿಗಳು ಬರುತ್ತಿವೆ. ಅವು ಹಗುರ, ಬೇಗ ತುಂಬುತ್ತವೆ, ಕೂಡಿಟ್ಟುದರಲ್ಲಿ ಬಹುಭಾಗವನ್ನು ಬಳಸಗೊಡುತ್ತವೆ. ಆದರೆ ಸೊನ್ನೆ ಡಿಗ್ರಿಗಿಂತ ಕೆಳಗೆ ಅವನ್ನು ಚಾರ್ಜು ಮಾಡಿದರೆ ಒಳಗೆ ಲಿಥಿಯಂ ಲೋಹವು ಪದರುಗಟ್ಟಿ ಕೋಶಕ್ಕೆ ಹಾನಿಯಾಗುತ್ತದೆ. ಆದುದರಿಂದ ಅದರೊಳಗಿನ ರಕ್ಷಕ ಮಂಡಲವು ಚಳಿಯಲ್ಲಿ ಚಾರ್ಜನ್ನು ತಾನಾಗಿಯೇ ತಡೆಯುತ್ತದೆ. ಆಗ ಆಲ್ಟರ್ನೇಟರ್, ತಂತಿ, ಫ್ಯೂಸ್ ಎಲ್ಲವೂ ಸರಿಯಾಗಿದ್ದರೂ ಚಾರ್ಜು ಆಗುವುದಿಲ್ಲ. ಇಂಥ ವಾಹನದಲ್ಲಿ ವೋಲ್ಟ್‌ಮಾಪಕವನ್ನು ಹಿಡಿಯುವ ಮೊದಲು ಬ್ಯಾಟರಿಯ ಪಕ್ಕದಲ್ಲಿ ಒಂದು ಉಷ್ಣಮಾಪಕವನ್ನಿಟ್ಟು ನೋಡುತ್ತಾರೆ.