ಸಿ.ಎ. ಓದು: ಪಿಯುಸಿಯಿಂದಲೇ ಶುರುವಾಗುವ ದಾರಿ



ವಾಣಿಜ್ಯ ವಿಭಾಗದ ಹೆಚ್ಚಿನವರ ಲೆಕ್ಕಾಚಾರ ಒಂದೇ: 'ಮೊದಲು ಬಿ.ಕಾಂ. ಮುಗಿಯಲಿ, ಆಮೇಲೆ ನೋಡೋಣ.' ಸಿ.ಎ. ಎಂದರೆ 'ಅದು ದುಡ್ಡಿದ್ದವರಿಗೆ, ರ‍್ಯಾಂಕ್ ಬಂದವರಿಗೆ' ಎಂದು ಸುಮ್ಮನಾಗುವವರೂ ಇದ್ದಾರೆ. ಆದರೆ ಈ ಓದಿಗೆ ಮುಖ್ಯವಾಗಿ ಬೇಕಾಗಿರುವುದು ಸಮಯ ಮತ್ತು ಬಿಡದ ಶ್ರಮ.

ಕೆಲಸವೇನು?

ಲೆಕ್ಕ ಬರೆಯುವುದಷ್ಟೇ ಸಿ.ಎ. ಕೆಲಸವಲ್ಲ. ತೆರಿಗೆ ಸಲಹೆ, ಹಣಕಾಸಿನ ಯೋಜನೆ, ಎಲ್ಲಕ್ಕಿಂತ ಮುಖ್ಯವಾಗಿ ಲೆಕ್ಕಪರಿಶೋಧನೆ ಅವರ ಹೊಣೆ. ಕಂಪನಿ ತೋರಿಸಿದ ಲೆಕ್ಕವನ್ನು ಪರಿಶೀಲಿಸಿ ಅವರು ಹಾಕುವ ಸಹಿಯನ್ನು ನಂಬಿ ಬ್ಯಾಂಕು ಸಾಲ ಕೊಡುತ್ತದೆ, ಜನ ಷೇರು ಕೊಳ್ಳುತ್ತಾರೆ. 2009ರ ಜನವರಿಯಲ್ಲಿ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷರು ಇಲ್ಲದ ಹಣವನ್ನು ಲೆಕ್ಕದಲ್ಲಿ ತೋರಿಸಿದ್ದಾಗಿ ಒಪ್ಪಿಕೊಂಡರು. ಆ ಲೆಕ್ಕಗಳ ಮೇಲೂ ಲೆಕ್ಕಪರಿಶೋಧಕರ ಸಹಿ ಇತ್ತು. ಪ್ರಾಮಾಣಿಕತೆ ಇಲ್ಲದಿದ್ದರೆ ಈ ವೃತ್ತಿಯಲ್ಲಿ ಜಾಣತನಕ್ಕೆ ಬೆಲೆಯಿಲ್ಲ.

ಹಂತಗಳು

1949ರ ಕಾಯ್ದೆಯಂತೆ ಸ್ಥಾಪನೆಯಾದ ಭಾರತೀಯ ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆ (ಐ.ಸಿ.ಎ.ಐ.) ಈ ಪರೀಕ್ಷೆಗಳನ್ನು ನಡೆಸುತ್ತದೆ.

1. ಫೌಂಡೇಶನ್: ಲೆಕ್ಕಶಾಸ್ತ್ರ, ವ್ಯವಹಾರ ಕಾನೂನು, ಗಣಿತ-ತರ್ಕ-ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಎಂಬ ನಾಲ್ಕು ಪತ್ರಿಕೆಗಳು, ತಲಾ 100 ಅಂಕ. ಪ್ರತಿ ಪತ್ರಿಕೆಯಲ್ಲಿ 40, ಒಟ್ಟಿನಲ್ಲಿ ಶೇ. 50 ಬೇಕು. ಕೊನೆಯ ಎರಡು ಪತ್ರಿಕೆಗಳಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಕಳೆಯುತ್ತಾರೆ.

2. ಇಂಟರ್‌ಮೀಡಿಯೆಟ್: ಎರಡು ಗುಂಪು, ಆರು ಪತ್ರಿಕೆ. ಬಿ.ಕಾಂ.ನಲ್ಲಿ ಶೇ. 55, ಇತರ ಪದವಿಗಳಲ್ಲಿ ಶೇ. 60 ಪಡೆದವರು ಫೌಂಡೇಶನ್ ಬರೆಯದೆ ನೇರವಾಗಿ ಇಲ್ಲಿಗೆ ಬರಬಹುದು.

3. ಆರ್ಟಿಕಲ್‌ಶಿಪ್: ಸಿ.ಎ. ಒಬ್ಬರ ಕೈಕೆಳಗೆ ಎರಡು ವರ್ಷ ತರಬೇತಿ. 2023ರ ಹೊಸ ಪದ್ಧತಿಗೆ ಮುಂಚೆ ಇದು ಮೂರು ವರ್ಷವಿತ್ತು. ಈ ಅವಧಿಯಲ್ಲಿ ಸ್ಟೈಪೆಂಡ್ ಸಿಗುತ್ತದೆ.

4. ಫೈನಲ್: ಮತ್ತೆ ಎರಡು ಗುಂಪು, ಆರು ಪತ್ರಿಕೆ.

ಎಲ್ಲೂ ಎಡವದಿದ್ದರೆ ಪಿಯುಸಿ ನಂತರ ಸುಮಾರು ನಾಲ್ಕು ವರ್ಷ ಸಾಕು. ಆದರೆ ಎಡವುವವರೇ ಹೆಚ್ಚು. ಆದ್ದರಿಂದ ಜೊತೆಯಲ್ಲಿ ಬಿ.ಕಾಂ. ಪದವಿಯನ್ನೂ ಮುಗಿಸಿಕೊಳ್ಳುವುದು ಒಳ್ಳೆಯದು.

ಈಗಲೇ ಮಾಡಬೇಕಾದದ್ದು

ಫೌಂಡೇಶನ್ ಬರೆಯುವುದು ಪಿಯುಸಿ ನಂತರವಾದರೂ, ಹತ್ತನೇ ತರಗತಿ ಪಾಸಾದವರು ಮೊದಲೇ ನೋಂದಾಯಿಸಬಹುದು. ಪರೀಕ್ಷೆಗೆ ನಾಲ್ಕು ತಿಂಗಳು ಮುಂಚೆ ನೋಂದಣಿ ಆಗಿರಬೇಕು. ಪಿಯುಸಿ ಫಲಿತಾಂಶ ಬರಲಿ ಎಂದು ಕಾದವರಿಗೆ ಮೊದಲ ಅವಕಾಶ ಕೈತಪ್ಪುತ್ತದೆ.

ಯಾವ ವಿಭಾಗದವರೂ ಬರೆಯಬಹುದು. ಎಸ್.ಇ.ಬಿ.ಎ. ಓದುವವರಿಗೆ ಸಂಖ್ಯಾಶಾಸ್ತ್ರದ ಅನುಕೂಲವಿದೆ. ಎಚ್.ಇ.ಬಿ.ಎ. ಓದುವವರು ಗಣಿತದ ಅಭ್ಯಾಸವನ್ನು ಬೇಗ ಶುರು ಮಾಡಬೇಕು.

ಪರೀಕ್ಷೆಯ ಭಾಷೆ ಇಂಗ್ಲಿಷ್ ಅಥವಾ ಹಿಂದಿ, ಕನ್ನಡ ಇಲ್ಲ. ಕನ್ನಡ ಮಾಧ್ಯಮದಿಂದ ಬಂದವರಿಗೆ ಲೆಕ್ಕಕ್ಕಿಂತ ಕಾನೂನು ಪತ್ರಿಕೆಯ ಉತ್ತರ ಬರೆಯುವುದೇ ಕಷ್ಟವಾಗಬಹುದು. ದಿನಕ್ಕೊಂದು ಉತ್ತರವನ್ನು ಇಂಗ್ಲಿಷಿನಲ್ಲಿ ಬರೆದು ಉಪನ್ಯಾಸಕರಿಗೆ ತೋರಿಸಿ.

ದುಬಾರಿ ಕೋಚಿಂಗ್ ಕಡ್ಡಾಯವಲ್ಲ. ಸಂಸ್ಥೆಯ ಅಧ್ಯಯನ ಸಾಮಗ್ರಿ ಅದರ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಮಂಗಳೂರು, ಉಡುಪಿ, ಮೈಸೂರು, ಹುಬ್ಬಳ್ಳಿ, ಬೆಳಗಾವಿ, ಕಲಬುರಗಿಗಳಲ್ಲಿ ಸಂಸ್ಥೆಯ ಶಾಖೆಗಳಿವೆ. ಹತ್ತಿರದ ಶಾಖೆಗೆ ಒಮ್ಮೆ ಹೋಗಿ ವಿಚಾರಿಸಿ. ಮನೆಯವರನ್ನೂ ಜೊತೆಗೆ ಕರೆದೊಯ್ಯಿರಿ. ಇಷ್ಟು ವರ್ಷದ ಓದಿಗೆ ಅವರ ಬೆಂಬಲವೂ ಬೇಕು.