ಕೊಡುವುದು ದಾನವೋ, ನ್ಯಾಯವೋ?

ಪರಧರ್ಮ ಪರಿಚಯ: ಯಹೂದಿ ಧರ್ಮದಲ್ಲಿ ಬಡವರ ಪಾಲು



ದುಡಿದು ತಂದುದರಲ್ಲಿ ಸಮಾಜದ ಪಾಲನ್ನು ‘ನಾನು ಕೊಟ್ಟೆ’ ಎಂಬ ಅಹಂಕಾರವಿಲ್ಲದೆ ಸಲ್ಲಿಸುವುದೇ ದಾಸೋಹವೆಂದು ನಾವೆಲ್ಲರೂ ಬಲ್ಲೆವು. ಆದರೆ ಆ ಪಾಲು ಎಷ್ಟು? ಪಡೆಯುವವನ ಮಾನ ಉಳಿಯುವುದು ಹೇಗೆ? ಸಂಗ್ರಹಿಸುವವರ ಕೈ ಶುದ್ಧವಾಗಿರಲು ಏನು ಕಟ್ಟಳೆ ಬೇಕು? ಈ ಪ್ರಶ್ನೆಗಳು ಪ್ರತಿ ಸುಗ್ಗಿಯಲ್ಲಿಯೂ, ಪ್ರತಿ ಜಾತ್ರೆಯಲ್ಲಿಯೂ ಏಳುತ್ತವೆ. ಇವನ್ನೇ ಎರಡು ಸಾವಿರ ವರ್ಷಗಳಿಂದ ಬಿಡದೆ ಚರ್ಚಿಸುತ್ತ ಬಂದ ಜನ ಯಹೂದಿಗಳು. ಅವರ ವಿಚಾರವನ್ನು ಅರಿಯುವುದರಿಂದ ನಮ್ಮ ದಾಸೋಹ ತತ್ತ್ವ ನಮಗೆ ಇನ್ನಷ್ಟು ಸ್ಪಷ್ಟವಾದೀತೆಂದು ಈ ಪಾಠವನ್ನು ಬರೆಯುತ್ತಿದ್ದೇವೆ.

ಯಹೂದಿಗಳು ನಮಗೆ ತೀರ ದೂರದವರೇನಲ್ಲ. ಮಹಾರಾಷ್ಟ್ರದ ಕೊಂಕಣ ತೀರದಲ್ಲಿ ಬೆನೆ ಇಸ್ರೇಲ್ ಎಂಬ ಯಹೂದಿ ಸಮುದಾಯ ಶತಮಾನಗಳಿಂದ ಬಾಳಿದೆ. ಗಾಣ ಹೂಡಿ ಎಣ್ಣೆ ತೆಗೆಯುವುದು ಅವರ ಕಾಯಕವಾಗಿತ್ತು. ಶನಿವಾರ ತಮ್ಮ ಧರ್ಮದ ವಿಶ್ರಾಂತಿಯ ದಿನವಾದ್ದರಿಂದ ಅಂದು ಗಾಣ ಕಟ್ಟುತ್ತಿರಲಿಲ್ಲ. ಹೀಗಾಗಿ ಸುತ್ತಲಿನ ಜನ ಅವರನ್ನು ‘ಶನಿವಾರ ತೇಲಿ’ ಎಂದು ಕರೆದರು. 1948ರಲ್ಲಿ ಇಸ್ರೇಲ್ ರಾಷ್ಟ್ರ ಸ್ಥಾಪನೆಯಾದ ಮೇಲೆ ಅವರಲ್ಲಿ ಬಹುಮಂದಿ ಅಲ್ಲಿಗೆ ಹೋಗಿ ನೆಲೆಸಿದರು.

ಒಂದು ಶಬ್ದದ ಅರ್ಥ

ಬಡವನಿಗೆ ಕೊಡುವುದಕ್ಕೆ ಯಹೂದಿಗಳ ಹೀಬ್ರೂ ಭಾಷೆಯಲ್ಲಿ ‘ತ್ಸೆದಾಕಾ’ ಎನ್ನುತ್ತಾರೆ. ಇದು ‘ತ್ಸೆದೆಕ್’ ಎಂಬ ಮೂಲದಿಂದ ಬಂದುದು. ತ್ಸೆದೆಕ್ ಎಂದರೆ ನ್ಯಾಯ. ಕರುಣೆ ಬಂದಾಗ ಕೊಡುವುದು, ಬಾರದಿದ್ದಾಗ ಬಿಡುವುದು ಎಂಬ ಆಯ್ಕೆ ಇದರಲ್ಲಿಲ್ಲ. ಸಲ್ಲಬೇಕಾದುದನ್ನು ಸಲ್ಲಿಸುವುದೇ ತ್ಸೆದಾಕಾ. ಗಳಿಕೆಯ ಹತ್ತನೆಯ ಒಂದು ಭಾಗ ಮಧ್ಯಮ ಪ್ರಮಾಣವೆಂದೂ, ಐದನೆಯ ಒಂದು ಭಾಗಕ್ಕಿಂತ ಹೆಚ್ಚು ಕೊಟ್ಟು ತಾನೇ ಪರಾಧೀನನಾಗಬಾರದೆಂದೂ ಅವರ ಪಂಡಿತರು ನಿಯಮ ಮಾಡಿದರು. ಪಡೆದು ಬದುಕುವ ಬಡವನೂ ಪಡೆದುದರಲ್ಲಿ ಸ್ವಲ್ಪವನ್ನು ಇನ್ನೊಬ್ಬರಿಗೆ ಕೊಡಬೇಕು. ಕೊಡುವ ಗೌರವ ಅವನಿಗೂ ತಪ್ಪಬಾರದೆಂಬುದು ಇದರ ತಾತ್ಪರ್ಯವೆಂದು ನಾವು ತಿಳಿಯುತ್ತೇವೆ.

ಹೊಲದಲ್ಲಿ ಬಡವರ ಹಕ್ಕು

ನಮ್ಮ ರೈತ ಬಂಧುಗಳಿಗೆ ಹಕ್ಕಲು ಆಯುವುದು ಗೊತ್ತು. ಕೊಯ್ದಾದ ಹೊಲದಲ್ಲಿ ಬಿದ್ದ ತೆನೆಗಳನ್ನು ಬಡವರು ಆಯ್ದುಕೊಳ್ಳುತ್ತಾರೆ, ಒಡೆಯ ನೋಡಿಯೂ ನೋಡದಂತೆ ಇರುತ್ತಾನೆ. ಯಹೂದಿಗಳ ಮೂಲ ಧರ್ಮಗ್ರಂಥವಾದ ತೋರಾದಲ್ಲಿ ಇದು ಒಡೆಯನ ಔದಾರ್ಯಕ್ಕೆ ಬಿಟ್ಟ ಮಾತಲ್ಲ, ವಿಧಿ. ಹೊಲದ ಅಂಚನ್ನು ಕೊಯ್ಯದೆ ಬಿಡಬೇಕು. ಕೊಯ್ಯುವಾಗ ಕೈತಪ್ಪಿ ಬಿದ್ದ ತೆನೆಯನ್ನು ಎತ್ತಬಾರದು. ಹೊಲದಲ್ಲಿ ಮರೆತುಬಂದ ಸಿವುಡನ್ನು ತರಲು ತಿರುಗಿ ಹೋಗಬಾರದು.

ಸುಮಾರು ಕ್ರಿ.ಶ. 200ರಲ್ಲಿ ಸಂಕಲಿತವಾದ ‘ಮಿಷ್ನಾ’ ಎಂಬ ಗ್ರಂಥ ಈ ವಿಧಿಗಳಿಗೆ ಲೆಕ್ಕ ಹಚ್ಚುತ್ತದೆ. ಅಂಚಿನಲ್ಲಿ ಬಿಡುವ ಪಾಲು ಅರವತ್ತನೆಯ ಒಂದು ಭಾಗಕ್ಕಿಂತ ಕಡಿಮೆಯಾಗಬಾರದು. ಒಂದು ಅಥವಾ ಎರಡು ತೆನೆ ಬಿದ್ದರೆ ಬಡವರಿಗೆ, ಮೂರು ಕೂಡಿ ಬಿದ್ದರೆ ಒಡೆಯನಿಗೆ. ಬಡವರು ಬಂದು ಒಯ್ಯಲು ದಿನಕ್ಕೆ ಮೂರು ಹೊತ್ತು ಗೊತ್ತುಮಾಡಿದ್ದರು. ಅಂಚಿನ ಬೆಳೆ ಕೊಯ್ಯಲು ಬಡವರು ಕುಡುಗೋಲು ತರಬಾರದು, ಏಕೆಂದರೆ ನೂಕುನುಗ್ಗಲಿನಲ್ಲಿ ಒಬ್ಬರಿಗೊಬ್ಬರು ಗಾಯ ಮಾಡಿಕೊಂಡಾರು. ಈ ಪಾಲು ಇಂಥವನಿಗೇ ಸಲ್ಲಲೆಂದು ಆರಿಸುವ ಅಧಿಕಾರ ಒಡೆಯನಿಗಿಲ್ಲ. ಅವನ ಹೊಲದಲ್ಲಿ ನಿಂತಿದ್ದರೂ ಅದು ಅವನದಲ್ಲ. ‘ನಾನು ಕೊಟ್ಟೆ’ ಎಂಬ ಮಾತಿಗೆ ಇಲ್ಲಿ ಜಾಗವೇ ಉಳಿಯುವುದಿಲ್ಲ.

ಏಳನೆಯ ವರ್ಷದ ಸಾಲ

ಇನ್ನು ವ್ಯಾಪಾರಸ್ಥರ ಮಾತು. ತೋರಾದ ಪ್ರಕಾರ ಪ್ರತಿ ಏಳನೆಯ ವರ್ಷ ಭೂಮಿಗೆ ಬಿಡುವು ಕೊಡಬೇಕು, ಸಾಲಗಳನ್ನೂ ಮನ್ನಾ ಮಾಡಬೇಕು. ಬಡವ ಸಾಲದಲ್ಲಿ ಹುಟ್ಟಿ ಸಾಲದಲ್ಲೇ ಸಾಯಬಾರದೆಂಬುದು ಉದ್ದೇಶ. ಆದರೆ ಅಡಚಣೆ ಎಲ್ಲಿ ಬರುವುದೆಂದು ಉದ್ರಿ ವ್ಯವಹಾರ ಬಲ್ಲವರಿಗೆ ಹೇಳಬೇಕಾಗಿಲ್ಲ. ಏಳನೆಯ ವರ್ಷ ಹತ್ತಿರ ಬಂದಂತೆ ಸಾಲ ಕೊಡುವವರು ಕೈ ಹಿಡಿಯುತ್ತಾರೆ. ಹೀಗೆ ಕೈ ಹಿಡಿಯಬೇಡಿರೆಂದು ತೋರಾ ಮೊದಲೇ ಎಚ್ಚರಿಸಿದ್ದರೂ ಜನ ಕೇಳಲಿಲ್ಲ. ಬಡವರ ರಕ್ಷಣೆಗೆಂದು ಬಂದ ವಿಧಿಯಿಂದಲೇ ಬಡವನಿಗೆ ಬೀಜಕ್ಕೂ ಹಣ ಹುಟ್ಟದಾಯಿತು.

ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಜೆರುಸಲೇಮಿನಲ್ಲಿದ್ದ ಹಿಲ್ಲೆಲ್ ಎಂಬ ಜ್ಞಾನಿ ಇದಕ್ಕೊಂದು ದಾರಿ ಕಂಡುಹಿಡಿದನು. ಸಾಲ ಕೊಟ್ಟವನು ನ್ಯಾಯಾಧೀಶರ ಎದುರು ಒಂದು ಪತ್ರ ಬರೆದು ತನ್ನ ಬಾಕಿಗಳನ್ನು ನ್ಯಾಯಮಂಡಲಿಗೆ ಒಪ್ಪಿಸಬೇಕು. ಮನ್ನಾ ಆಗುವುದು ಒಬ್ಬ ವ್ಯಕ್ತಿ ಇನ್ನೊಬ್ಬನಿಂದ ವಸೂಲು ಮಾಡುವ ಸಾಲ. ನ್ಯಾಯಮಂಡಲಿಗೆ ಒಪ್ಪಿಸಿದ್ದು ಮನ್ನಾ ಆಗುವುದಿಲ್ಲ. ಈ ಪತ್ರಕ್ಕೆ ‘ಪ್ರೊಜ್ಬುಲ್’ ಎಂದು ಹೆಸರು. ಸಾಲಗಾರನಿಗೆ ಸ್ವಲ್ಪವಾದರೂ ಭೂಮಿ ಇದ್ದರೆ ಮಾತ್ರ ಇದನ್ನು ಬರೆಯಬಹುದಿತ್ತು. ಇಲ್ಲದಿದ್ದರೆ ಸಾಲ ಕೊಟ್ಟವನೇ ತನ್ನ ಹೊಲದಲ್ಲಿ ಒಂದಿಷ್ಟು ಜಾಗವನ್ನು ಅವನ ಹೆಸರಿಗೆ ಬಿಟ್ಟುಕೊಡಬೇಕಾಗಿತ್ತು.

ಇಲ್ಲಿ ದೊಡ್ಡ ಪ್ರಶ್ನೆಯೊಂದು ಏಳುತ್ತದೆ. ಧರ್ಮಗ್ರಂಥದ ಅಕ್ಷರವನ್ನು ಬದಿಗಿಟ್ಟು ಅದರ ಆಶಯವನ್ನು ಉಳಿಸಲು ಗುರುವಿಗೆ ಅಧಿಕಾರ ಉಂಟೇ? ಮಿಷ್ನಾದ ಮೇಲಿನ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ಈ ವಾದ ತೀಕ್ಷ್ಣವಾಗಿ ನಡೆದಿದೆ. ಶ್ಮುಏಲ್ ಎಂಬ ಪಂಡಿತನು ಇದನ್ನು ನ್ಯಾಯಾಧೀಶರ ಉದ್ಧಟತನವೆಂದು ಕರೆದು, ತನಗೆ ಶಕ್ತಿಯಿದ್ದರೆ ರದ್ದು ಮಾಡುತ್ತಿದ್ದೆನೆಂದನು. ಬೇರೆಯವರು ಹಿಲ್ಲೆಲನ ಪಕ್ಷ ವಹಿಸಿದರು. ಪದ್ಧತಿ ಉಳಿಯಿತು, ಅದನ್ನು ವಿರೋಧಿಸಿದ ಮಾತನ್ನೂ ಗ್ರಂಥದಿಂದ ಅಳಿಸಲಿಲ್ಲ. ಇದನ್ನು ನಾವು ವಿಶೇಷವಾಗಿ ಗಮನಿಸಬೇಕು. ಇನ್ನೊಂದು ಸೊಗಸಾದ ನಿಯಮವೂ ಇದೆ. ಮನ್ನಾ ಆದ ಸಾಲವನ್ನು ಸಾಲಗಾರ ತಂದು ಕೊಟ್ಟರೆ, ಇದು ಬಿಟ್ಟುಹೋಗಿದೆ ಎಂದು ಸಾಹುಕಾರ ಹೇಳಲೇಬೇಕು. ಆದರೂ ಕೊಡುತ್ತೇನೆಂದು ಸಾಲಗಾರ ಹೇಳಿದರೆ ಪಡೆಯಬಹುದು. ಅಂಥ ಸಾಲಗಾರನ ಬಗ್ಗೆ ಜ್ಞಾನಿಗಳು ಸಂತೋಷಪಡುತ್ತಾರೆಂದು ಮಿಷ್ನಾ ಹೇಳುತ್ತದೆ.

ಎಂಟು ಮೆಟ್ಟಿಲುಗಳು

ನಮ್ಮ ಬಸವಾದಿ ಶರಣರು ಕಲ್ಯಾಣದಲ್ಲಿದ್ದ 12ನೇ ಶತಮಾನದಲ್ಲಿಯೇ ಮೋಶೆ ಮೈಮೊನಿಡೀಸ್ ಎಂಬ ಮಹಾಪಂಡಿತನು ಸ್ಪೇನಿನ ಕಾರ್ಡೊಬಾದಲ್ಲಿ ಹುಟ್ಟಿ ಈಜಿಪ್ತಿನಲ್ಲಿ ನೆಲೆಸಿದನು. ಅವನ ತಮ್ಮ ದಾವೀದನು ರತ್ನದ ವ್ಯಾಪಾರಿ. ಹಿಂದೂ ಮಹಾಸಾಗರದಲ್ಲಿ ಹಡಗು ಮುಳುಗಿ ತಮ್ಮ ತೀರಿಕೊಂಡ ಮೇಲೆ ಮನೆತನದ ಭಾರ ಅಣ್ಣನ ಮೇಲೆ ಬಿತ್ತು. ಧರ್ಮಬೋಧೆಯಿಂದ ಹೊಟ್ಟೆ ಹೊರೆಯುವುದನ್ನು ಮೈಮೊನಿಡೀಸ್ ಒಪ್ಪದೆ ವೈದ್ಯ ಕಾಯಕದಿಂದ ಬದುಕಿದನು. 1204ರಲ್ಲಿ ತೀರಿಕೊಂಡನು. ಅವನು ಬರೆದ ‘ಮಿಷ್ನೆ ತೋರಾ’ ಎಂಬ ಧರ್ಮಸಂಹಿತೆಯಲ್ಲಿ ಕೊಡುವವರ ಎಂಟು ಮೆಟ್ಟಿಲುಗಳನ್ನು ಎಣಿಸಿದ್ದಾನೆ. ಕೆಳಗಿನಿಂದ ಮೇಲಕ್ಕೆ ಅವು ಹೀಗಿವೆ:

1. ಮನಸ್ಸಿಲ್ಲದೆ, ನೊಂದುಕೊಂಡು ಕೊಡುವುದು.
2. ತಕ್ಕುದಕ್ಕಿಂತ ಕಡಿಮೆ, ಆದರೆ ನಗುಮುಖದಿಂದ ಕೊಡುವುದು.
3. ಕೇಳಿದ ಮೇಲೆ ಕೊಡುವುದು.
4. ಕೇಳುವ ಮೊದಲೇ ಕೈಯಲ್ಲಿ ಕೊಡುವುದು.
5. ಕೊಟ್ಟವನಾರೆಂದು ಪಡೆದವನಿಗೆ ಗೊತ್ತು, ಪಡೆದವನಾರೆಂದು ಕೊಟ್ಟವನಿಗೆ ಗೊತ್ತಿಲ್ಲ. ಹಿಂದಿನ ಕೆಲವರು ಹಣವನ್ನು ಹೊದೆಯುವ ವಸ್ತ್ರದ ಸೆರಗಿಗೆ ಕಟ್ಟಿ ಬೆನ್ನ ಹಿಂದೆ ಬಿಟ್ಟುಕೊಂಡು ನಡೆಯುತ್ತಿದ್ದರು, ಬಡವರು ಬಿಚ್ಚಿಕೊಳ್ಳುತ್ತಿದ್ದರು.
6. ಪಡೆದವನಾರೆಂದು ಕೊಟ್ಟವನಿಗೆ ಗೊತ್ತು, ಕೊಟ್ಟವನಾರೆಂದು ಪಡೆದವನಿಗೆ ಗೊತ್ತಿಲ್ಲ.
7. ಇಬ್ಬರಿಗೂ ಗೊತ್ತಿಲ್ಲ. ಜೆರುಸಲೇಮಿನ ದೇವಾಲಯದಲ್ಲಿ ಇದಕ್ಕೆಂದೇ ಒಂದು ಗುಪ್ತ ಕೋಣೆಯಿತ್ತು. ಕೊಡುವವರು ಗುಟ್ಟಾಗಿ ಇಟ್ಟು ಹೋಗುತ್ತಿದ್ದರು, ಮರ್ಯಾದಸ್ಥ ಬಡವರು ಗುಟ್ಟಾಗಿ ಪಡೆಯುತ್ತಿದ್ದರು.
8. ಬೀಳುತ್ತಿರುವವನಿಗೆ ಸಾಲ ಕೊಟ್ಟೋ, ಪಾಲುದಾರನಾಗಿ ಸೇರಿಸಿಕೊಂಡೋ, ಕೆಲಸ ಹಚ್ಚಿಕೊಟ್ಟೋ ಅವನು ಮತ್ತೆಂದೂ ಕೈ ಚಾಚದಂತೆ ಮಾಡುವುದು.

ಎಲ್ಲಕ್ಕೂ ಮೇಲಿನ ಮೆಟ್ಟಿಲು ಗುಪ್ತದಾನವಲ್ಲ ಎಂಬುದನ್ನು ಗಮನಿಸಿರಿ. ಒಬ್ಬನನ್ನು ಕಾಯಕಕ್ಕೆ ನಿಲ್ಲಿಸುವುದೇ ಅಲ್ಲಿ ಅತ್ಯುತ್ತಮ. ಅಂಗಡಿಯಿದ್ದವರು, ಹೊಲವಿದ್ದವರು ಮಾಡಬಹುದಾದ ಕೆಲಸವಿದು.

ಹುಂಡಿಯ ಲೆಕ್ಕ

ಯಹೂದಿ ಊರುಗಳಲ್ಲಿ ಎರಡು ವ್ಯವಸ್ಥೆಗಳಿರುತ್ತಿದ್ದವು. ‘ತಮ್‌ಹುಯಿ’ ಎಂಬುದು ನಿತ್ಯದ ಅನ್ನ, ‘ಕುಪ್ಪಾ’ ಎಂಬುದು ವಾರಕ್ಕೊಮ್ಮೆ ಹಂಚುವ ನಿಧಿ. ಎರಡು ಊಟಕ್ಕೆ ಇದ್ದವನು ನಿತ್ಯದ ಅನ್ನ ಪಡೆಯಬಾರದು, ಹದಿನಾಲ್ಕು ಊಟಕ್ಕೆ ಇದ್ದವನು ವಾರದ ನಿಧಿಯನ್ನು ಮುಟ್ಟಬಾರದು. ವಾರದ ಹಣವನ್ನು ಒಬ್ಬನೇ ಸಂಗ್ರಹಿಸುವಂತಿಲ್ಲ, ಇಬ್ಬರು ಬೇಕು. ಹಂಚಲು ಮೂವರು ಬೇಕು, ಏಕೆಂದರೆ ಯಾರಿಗೆಷ್ಟು ಎಂಬುದು ನ್ಯಾಯತೀರ್ಮಾನವಿದ್ದಂತೆ. ಸಂಗ್ರಹಕ್ಕೆ ಹೋದಾಗ ದಾರಿಯಲ್ಲಿ ನಾಣ್ಯ ಸಿಕ್ಕರೆ ತನ್ನ ಕಿಸೆಗೆ ಹಾಕದೆ ನಿಧಿಗೇ ಹಾಕಬೇಕು, ನೋಡಿದವರು ಸಂಶಯಪಟ್ಟಾರು. ಚಿಲ್ಲರೆ ಮಾಡಿಸುವಾಗಲೂ ತನ್ನ ಹಣದೊಡನೆ ಬದಲಿಸದೆ ಬೇರೆಯವರ ಹತ್ತಿರ ಮಾಡಿಸಬೇಕು.

ಇಂಥ ನಂಬಿಗಸ್ತರಿಂದ ಲೆಕ್ಕ ಕೇಳಬೇಕಾಗಿಲ್ಲ ಎಂದು ತಾಲ್ಮುದ್ ಹೇಳಿದೆ. ಆದರೂ ತಾವಾಗಿಯೇ ಲೆಕ್ಕ ಒಪ್ಪಿಸುವುದು ಲೇಸೆಂದು ನಂತರದ ಧರ್ಮಶಾಸ್ತ್ರಕಾರರು ಸೇರಿಸಿದರು. ಶ್ರೀಮಠದ ಕಿರ್ದಿ ಬರೆಯುವ ನಮಗೆ ಎರಡನೆಯ ಮಾತೇ ಹೆಚ್ಚು ಹಿಡಿಸುತ್ತದೆ. ಭಕ್ತರು ನಂಬಿ ಕೇಳದಿರುವುದು ಅವರ ದೊಡ್ಡತನ. ಕೇಳದಿದ್ದರೂ ಪಾವತಿ ಸಹಿತ ತೋರಿಸುವುದು ಲೆಕ್ಕವಿಟ್ಟವರ ಧರ್ಮ.

ಅನುಭವಗೋಷ್ಠಿಯಲ್ಲಿ ಚರ್ಚೆಗೆ

1. ದೇಣಿಗೆ ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗುವುದರಿಂದ ಇನ್ನೊಬ್ಬರಿಗೆ ಪ್ರೇರಣೆಯಾಗುತ್ತದೆ ಎನ್ನುತ್ತಾರೆ. ಪಡೆಯುವ ವಿದ್ಯಾರ್ಥಿಯ ಹೆಸರನ್ನೂ ಕೂಗಬೇಕೆ?
2. ನಿಮ್ಮ ಊರಿನಲ್ಲಿ ಎಂಟನೆಯ ಮೆಟ್ಟಿಲು ಏರುವ ಅವಕಾಶ ಯಾರ ಕೈಯಲ್ಲಿದೆ? ಒಬ್ಬನಿಗೆ ಗಾಡಿ, ಹೊಲಿಗೆ ಯಂತ್ರ ಅಥವಾ ಎಮ್ಮೆ ಕೊಡಿಸಿದರೆ ಎಷ್ಟು ಮನೆ ನಿಂತಾವು?
3. ಸಾಲಮನ್ನಾದಿಂದ ಬಡ ರೈತನಿಗೆ ಆಗುವ ಲಾಭವೆಷ್ಟು, ಮುಂದೆ ಸಾಲ ಹುಟ್ಟದೆ ಆಗುವ ಹಾನಿಯೆಷ್ಟು? ಹಿಲ್ಲೆಲ್ ಮತ್ತು ಶ್ಮುಏಲ್ ಇಬ್ಬರ ಪಕ್ಷವನ್ನೂ ಹಿಡಿದು ವಾದಿಸಿ ನೋಡಿರಿ.

ಈ ಸುಗ್ಗಿಯಲ್ಲಿ ಕಣದಿಂದ ರಾಶಿ ಮನೆಗೆ ಬರುವ ಮುನ್ನ, ಅದರಲ್ಲಿ ನಮ್ಮದಲ್ಲದ ಪಾಲು ಎಷ್ಟಿದೆಯೆಂದು ಒಮ್ಮೆ ಅಳೆದು ನೋಡೋಣ.

ಶರಣಾರ್ಥಿಗಳೊಂದಿಗೆ,
ಕಾರ್ಯದರ್ಶಿ, ಶ್ರೀಮಠ